ಒಡೆಯ: ಒಡೆತನ ಹೋದ ಮೇಲೂ ಉಳಿದ ಮಾತು

ಭಟ್ಕಳದ ಮಾವಳ್ಳಿ ಹೋಬಳಿಯಿಂದ ಹೊನ್ನಾವರವನ್ನು ದಾಟಿ ಕುಮಟೆಯವರೆಗೆ ‘ಒಡೆಯ’ ಎಂಬುದು ಬರಿಯ ನಿಘಂಟಿನ ಪದವಲ್ಲ, ಕರೆಯುವ ಮಾತು. ನಾಮಧಾರಿಯೋ ಹಾಲಕ್ಕಿ ಒಕ್ಕಲಿಗನೋ ಮುಕ್ರಿಯೋ ಜಮೀನುದಾರನ ಅಂಗಳದ ಅಂಚಿನಲ್ಲಿ ನಿಂತು ‘ಒಡ್ಯಾ’ ಎನ್ನುತ್ತಿದ್ದ. ಒಳಗಿದ್ದಾತ ಬಹುಮಟ್ಟಿಗೆ ಹವ್ಯಕ ಅಥವಾ ಸಾರಸ್ವತ ಬ್ರಾಹ್ಮಣ. ಆತನ ಮಡದಿ ಒಡತಿ. ಕರೆಯುವವನಿಗೆ ಎಪ್ಪತ್ತು, ಕರೆಸಿಕೊಳ್ಳುವವನಿಗೆ ಹತ್ತು ವರ್ಷವಾಗಿದ್ದರೂ ಸಂಬೋಧನೆ ಬದಲಾಗುತ್ತಿರಲಿಲ್ಲ.

ಹೀಗಾಗಿ ಈ ಪದ ಹುಟ್ಟಿನಿಂದಲೇ ಮೇಲು-ಕೀಳನ್ನು ಸೂಚಿಸುತ್ತದೆ ಎಂದು ಭಾವಿಸುವುದು ಸಹಜ. ಪದದ ಮೂಲ ಹಾಗೆ ಹೇಳುವುದಿಲ್ಲ. ತಮಿಳಿನ ‘ಉಡೈ’ ಎಂಬುದಕ್ಕೆ ಹೊಂದಿರು, ಪಡೆದಿರು ಎಂದರ್ಥ. ಕನ್ನಡದ ಒಡವೆ, ಒಡೆತನ, ಒಡೆಯ ಎಲ್ಲವೂ ಆ ಬಳಗದವೇ. ಒಡೆದುಹಾಕುವ ‘ಒಡೆ’ಗೂ ಇದಕ್ಕೂ ಸಂಬಂಧವಿಲ್ಲ. ಒಡೆಯ ಎಂದರೆ ‘ಉಳ್ಳವನು’, ಅಷ್ಟೇ. ನೆರೆಯ ದಕ್ಷಿಣ ಕನ್ನಡದ ‘ಧಣಿ’ಯೂ ಸಂಸ್ಕೃತದ ‘ಧನಿನ್’ ಮೂಲಕ ಹಣವುಳ್ಳವನೇ. ಇವೆರಡರಲ್ಲೂ ಗುಣದ ಮಾತಿಲ್ಲ, ಕುಲದ ಮಾತೂ ಇಲ್ಲ.

ಉಳ್ಳವನು ಆಳುವವನಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ವಿಜಯನಗರದ ಸಂಗಮ ವಂಶದ ಬುಕ್ಕ, ಕಂಪಣರ ಹೆಸರಿನ ಕೊನೆಗೆ ‘ಒಡೆಯರ್’ ಬರುತ್ತದೆ. ಮೈಸೂರಿನ ಅರಸರಿಗೆ ಅದು ಮನೆತನದ ಹೆಸರೇ ಆಯಿತು. ಶರಣರು ಜಂಗಮರನ್ನು ಒಡೆಯರೆಂದರು, ದಾಸರು ದೇವರನ್ನು. ದೇವರಿಗೂ ಅರಸನಿಗೂ ಸಂದ ಪದ ಗೇಣಿ ವಸೂಲು ಮಾಡುವವನಿಗೂ ಸಂದಾಗ ಗೇಣಿಗೆ ಒಂದು ಪಾವಿತ್ರ್ಯ ಅಂಟಿಕೊಂಡಿತು. ಒಕ್ಕಲನ್ನು ತಲೆಮಾರುಗಳ ಕಾಲ ಕಟ್ಟಿಹಾಕಿದ್ದರಲ್ಲಿ ಪತ್ರ, ಸಾಲಗಳಷ್ಟೇ ಪಾಲು ಈ ಪಾವಿತ್ರ್ಯಕ್ಕೂ ಇತ್ತೆಂದು ನನ್ನ ಅನಿಸಿಕೆ.

ಈ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರು ರೈತಕೂಟ ಕಟ್ಟಿ ಗೇಣಿದಾರರನ್ನು ಸಂಘಟಿಸಿದರು. ಘಟ್ಟದ ಮೇಲೆ ಸಾಗರದ ಸಮೀಪ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. ಚಳವಳಿಗಳು ಜಮೀನುದಾರರನ್ನು ಬೈಯಲು ಹೊಸ ಪದ ಹುಡುಕಲಿಲ್ಲ. ಅವರ ಪದವನ್ನೇ ಕಸಿದುಕೊಂಡವು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯ ಬಲ ಇರುವುದು ಇಲ್ಲಿಯೇ. ದೇವರಾಜ ಅರಸು ಸರ್ಕಾರದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರದಲ್ಲಿ ನಿಹಿತವಾಯಿತು. ಫಾರಂ ನಂಬರ್ 7 ಸಲ್ಲಿಸಿ ಭೂ ನ್ಯಾಯಮಂಡಳಿಯ ಮುಂದೆ ಗೆದ್ದ ಒಕ್ಕಲು, ಪದದ ಮೂಲಾರ್ಥದಲ್ಲಿ, ತಾನೇ ಒಡೆಯನಾದ.

ಆದರೆ ಪಹಣಿಯಲ್ಲಿ ಹೆಸರು ಬದಲಾದಷ್ಟು ಬೇಗ ನಾಲಗೆ ಬದಲಾಗಲಿಲ್ಲ. ಜಮೀನು ಪಡೆದವನೇ ಜಮೀನು ಕಳೆದುಕೊಂಡವನನ್ನು ಮತ್ತೆಯೂ ‘ಒಡ್ಯಾ’ ಎಂದು ಕರೆದ. ಇದನ್ನು ಕೆಲವರು ಸೌಜನ್ಯವೆಂದು ಕೊಂಡಾಡುತ್ತಾರೆ. ಕರೆಸಿಕೊಂಡವರು ಮರಳಿ ಬಹುವಚನ ಬಳಸಿದ್ದರೆ ಒಪ್ಪಬಹುದಿತ್ತು. ಅವರ ಬಾಯಲ್ಲಿ ಏಕವಚನವೇ ಉಳಿಯಿತು. ಭೂಮಿ ಹೋದ ಮೇಲೂ ಉಳಿದ ಒಡೆಯ ಎಂಬ ಪದಕ್ಕೆ ಜಾತಿಯ ಹೊರತು ಬೇರೆ ಅರ್ಥವಿರಲಿಲ್ಲ. ಹೊಸ ತಲೆಮಾರು, ಶಾಲೆ ಮತ್ತು ಮುಂಬೈ-ಗೋವೆಗಳ ದುಡಿಮೆಯ ಬಲದಿಂದ, ‘ಭಟ್ರೇ’, ‘ಹೆಗಡೇರೇ’ ಎನ್ನಲು ಕಲಿಯಿತು. ಸಣ್ಣ ಬದಲಾವಣೆಯೇನಲ್ಲ.

ಈ ನಡುವೆ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ಕಾಯ್ದೆಯಿಂದ ತೆಗೆದುಹಾಕಲಾಯಿತು. ಉಳದವನೂ ಈಗ ಹೊಲಕ್ಕೆ ಒಡೆಯನಾಗಬಲ್ಲ. ಆತನನ್ನು ಯಾರೂ ಒಡೆಯ ಎನ್ನಲಾರರು, ‘ಮಾಲೀಕರು’ ಎಂದಾರು. ಅರಬ್ಬಿಯಿಂದ ಬಂದ ಆ ಪದದ ಅರ್ಥವೂ ‘ಉಳ್ಳವನು’ ಎಂದೇ.