ಹಾಸ್ಟೆಲ್ ಪೆಟ್ಟಿಗೆಗಿಂತ ಮೊದಲು ಲಸಿಕೆ ಕಾರ್ಡ್

ನಿಮ್ಮ ಮಗಳಿಗೆ ಎಂಬಿಬಿಎಸ್ ಸೀಟು ಸಿಕ್ಕಿದೆಯೇ? ಅಲ್‌ಹಮ್ದುಲಿಲ್ಲಾಹ್! ಹಾಸಿಗೆ, ಬಕೆಟ್, ಪುಸ್ತಕಗಳ ಖರೀದಿಗೆ ಮುನ್ನ ಅವಳ ಬಾಲ್ಯದ ಲಸಿಕೆ ಕಾರ್ಡನ್ನು ಹುಡುಕಿ ತೆಗೆಯಿರಿ.

ರೋಗಿಯ ರಕ್ತ ತಾಗಿದ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ಹರಡಬಹುದು. ಈ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಉಳಿಯಬಲ್ಲದು, ಯಕೃತ್ತನ್ನೇ ಕೆಡಿಸಬಲ್ಲದು. ಲಸಿಕೆ ಆಗಿರದಿದ್ದರೆ 3 ಡೋಸ್ ಬೇಕು: ಈಗ ಒಂದು, ತಿಂಗಳ ಬಳಿಕ ಇನ್ನೊಂದು, 6 ತಿಂಗಳಿಗೆ ಮೂರನೆಯದು. ಅರ್ಧ ವರ್ಷ ಹಿಡಿಯುವ ಈ ಕೆಲಸವನ್ನು ಅವಳು ವಾರ್ಡಿಗೆ ಕಾಲಿಡುವ ದಿನಕ್ಕೆ ಮುಂದೂಡಬೇಡಿ. ಕೊನೆಯ ಡೋಸ್ ಆಗಿ 1–2 ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ರಕ್ಷಣೆ ಬಂದಿದೆಯೇ ಎಂಬುದು ತಿಳಿಯುತ್ತದೆ. ಬಾಲ್ಯದಲ್ಲೇ ಲಸಿಕೆ ಪೂರ್ಣಗೊಂಡಿದ್ದರೂ ಕಾರ್ಡನ್ನು ವೈದ್ಯರಿಗೆ ತೋರಿಸಿ.

ಅನಾಟಮಿ ಕಲಿಯಲು ಇಡುವ ಮೃತದೇಹಗಳನ್ನು ಕಾಪಾಡುವ ಫಾರ್ಮಾಲಿನ್ ಕಣ್ಣು, ಮೂಗು ಉರಿಸುತ್ತದೆ. ಅಲ್ಲಿಗೆ ಕಾಂಟ್ಯಾಕ್ಟ್ ಲೆನ್ಸ್ ಬೇಡ. ಕಾಲು ಮುಚ್ಚುವ ಶೂ ಇರಲಿ, ಶಿರವಸ್ತ್ರದ ಅಂಚು ಏಪ್ರನ್ನಿನೊಳಗೆ ಸೇರಲಿ. ಏಪ್ರನ್ನನ್ನು ಬೇರೆಯಾಗಿಯೇ ಒಗೆಯಲಿ. ಹೊರಬಂದೊಡನೆ ಸಾಬೂನಿನಿಂದ ಕೈ ತೊಳೆಯಲಿ. ವುಝೂವಿನ ನೀರು ಮಾತ್ರ ಇದಕ್ಕೆ ಸಾಲದು. ಉಗುರು ಕತ್ತರಿಸುವ ಸುನ್ನತ್ ಇಲ್ಲಿ ಆರೋಗ್ಯಕ್ಕೂ ಕಾವಲು.

ಮೊದಲ ದಿನ ತಲೆಸುತ್ತಿದರೆ ನಾಚಿಕೆಪಡಬೇಕಿಲ್ಲ. ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗದಿರಲಿ ಎಂದು ಹೇಳಿ ಕಳಿಸಿ, ದುಆದೊಂದಿಗೆ.