ಆಲ್ಟರ್ನೇಟರ್ ಬಿಚ್ಚುವ ಮುನ್ನ

ಓಡುತ್ತಿರುವ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹೊತ್ತಿಕೊಂಡರೆ ಆಲ್ಟರ್ನೇಟರ್ ಹೋಯಿತೆಂದು ತೀರ್ಮಾನಿಸಿಬಿಡುವವರೇ ಹೆಚ್ಚು. ಆ ದೀಪ ಹೇಳುವುದು ಅಷ್ಟಲ್ಲ. ಚಾರ್ಜಿಂಗ್ ಸರಿಯಾಗಿ ನಡೆಯುತ್ತಿಲ್ಲ ಎಂಬುದಷ್ಟೇ ಅದರ ದೂರು. ಯಾರಿಂದ ಎಂಬುದು ಅದಕ್ಕೆ ಗೊತ್ತಿಲ್ಲ. ಎಂಜಿನ್ನಿನ ಮುಂಭಾಗದಲ್ಲಿ ಕೈಯಾಡಿಸಲು ಜಾಗವಿರುವ ಕಾರುಗಳಲ್ಲಿ ಆಲ್ಟರ್ನೇಟರ್ ಬದಲಿಸುವುದು ಮನೆಯಂಗಳದಲ್ಲೇ ಮಾಡಬಹುದಾದ ಸ್ಪ್ಯಾನರ್ ಕೆಲಸ. ನಿಜವಾಗಿ ತಲೆ ಓಡಿಸಬೇಕಾದದ್ದು ಅದಕ್ಕೂ ಮುಂಚೆ: ಕೆಟ್ಟಿರುವುದು ಅದೇ ಹೌದೇ ಎಂದು ಅಳೆದು ನೋಡುವುದರಲ್ಲಿ.

ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾದರೆ ವಿದ್ಯುತ್ ಹುಟ್ಟುತ್ತದೆಂದು ಫ್ಯಾರಡೆ 1831ರಲ್ಲಿ ತೋರಿಸಿದ್ದ. ಆಲ್ಟರ್ನೇಟರ್ ಮಾಡುವುದೂ ಅದನ್ನೇ. ಬೆಲ್ಟ್ ತಿರುಗಿಸುವ ರೋಟರ್ ಇಲ್ಲಿ ಶಾಶ್ವತ ಕಾಂತವಲ್ಲ, ವಿದ್ಯುತ್ಕಾಂತ. ಅದರ ಸುರುಳಿಗೆ ಬ್ರಶ್‌ಗಳ ಮೂಲಕ ಕೆಲವೇ ಆಂಪಿಯರ್ ಹರಿಸಿದರೆ ಸುತ್ತಲಿನ ಸ್ಟೇಟರ್‌ನಲ್ಲಿ ಮೂರು ಫೇಸಿನ ಎಸಿ ಹುಟ್ಟುತ್ತದೆ. ಡಯೋಡ್‌ಗಳು ಅದನ್ನು ಡಿಸಿ ಮಾಡಿ ಹೊರಗೆ ಕಳಿಸುತ್ತವೆ. ಎಂಜಿನ್ ವೇಗ ಏರಿಳಿದರೂ ವೋಲ್ಟೇಜ್ ಸುಮಾರು 14ರ ಆಸುಪಾಸಿನಲ್ಲಿ ನಿಲ್ಲುವುದು ರೆಗ್ಯುಲೇಟರ್ ರೋಟರಿನ ಕರೆಂಟನ್ನು ಹೆಚ್ಚುಕಡಿಮೆ ಮಾಡುವುದರಿಂದ. ಹಾಗಾಗಿ ಈ ಯಂತ್ರ ಮೂರು ವಿಷಯಗಳಲ್ಲಿ ಹೊರಗಿನವರ ಹಂಗಿನಲ್ಲಿದೆ: ಬೆಲ್ಟ್ ಜಾರದೆ ತಿರುಗಿಸಬೇಕು, ರೋಟರಿಗೆ ಮೊದಲ ಕರೆಂಟ್ ಸಿಗಬೇಕು, ಹುಟ್ಟಿದ ವಿದ್ಯುತ್ತು ಬ್ಯಾಟರಿ ಮುಟ್ಟಿ ಮರಳಲು ದಾರಿ ಇರಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಗಟ್ಟಿಮುಟ್ಟಾದ ಆಲ್ಟರ್ನೇಟರ್ ಸತ್ತಂತೆಯೇ ಕಾಣುತ್ತದೆ.

ಸಾಮಾನ್ಯ ಮಲ್ಟಿಮೀಟರ್ ಇಲ್ಲಿ ಸಾಕು. ಕೆಲ ಗಂಟೆ ನಿಂತ ಕಾರಿನಲ್ಲಿ ಪೂರ್ತಿ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಅದು ಸಾಮಾನ್ಯವಾಗಿ 13.8ರಿಂದ 14.5ಕ್ಕೆ ಏರಬೇಕು. ಏರಲಿಲ್ಲವೆಂದರೂ ಸ್ಪ್ಯಾನರ್ ಹಿಡಿಯುವ ಹೊತ್ತಲ್ಲ ಅದು. ಹೆಡ್‌ಲೈಟು, ಬ್ಲೋವರ್ ಹಾಕಿ, ಆಲ್ಟರ್ನೇಟರಿನ ದಪ್ಪ ತಂತಿಯ ಬೋಲ್ಟಿನಿಂದ ಬ್ಯಾಟರಿಯ ಪಾಸಿಟಿವ್‌ವರೆಗಿನ ವೋಲ್ಟೇಜ್ ನೋಡಬೇಕು. ಆಮೇಲೆ ಆಲ್ಟರ್ನೇಟರಿನ ಮೈಯಿಂದ ನೆಗೆಟಿವ್‌ವರೆಗೆ. ಎರಡು ಕಡೆಯೂ ಸೊನ್ನೆಗೆ ಹತ್ತಿರವಿರಬೇಕು. ತುಕ್ಕು ಹಿಡಿದ ಒಂದು ಅರ್ತ್ ಜೋಡಣೆಯ ರೋಧ ಬರೀ 0.02 ಓಮ್ ಇದ್ದರೂ 60 ಆಂಪಿಯರ್ ಹರಿಯುವಾಗ 1.2 ವೋಲ್ಟ್ ಅಲ್ಲೇ ಕರಗುತ್ತದೆ, ಆಲ್ಟರ್ನೇಟರ್ 14.2 ಕೊಟ್ಟರೂ ಬ್ಯಾಟರಿಗೆ ತಲುಪುವುದು 13. ಉಪ್ಪುಕಾಗದ ಹಾಕಿ ಉಜ್ಜಿದರೆ ಹೋಗುವ ದೋಷಕ್ಕೆ ಸಾವಿರಾರು ರೂಪಾಯಿಯ ಬಿಡಿಭಾಗ ಕೊಂಡರೂ ಪ್ರಯೋಜನವಿಲ್ಲ, ಹೊಸದೂ 13ನ್ನೇ ತಲುಪಿಸುತ್ತದೆ. ತಂತಿ, ಫ್ಯೂಸು, ಬೆಲ್ಟು ಎಲ್ಲ ಸರಿಯಿದ್ದೂ ವೋಲ್ಟೇಜ್ ಏರದಿದ್ದರೆ ಆಗ ಅನುಮಾನ ಯಂತ್ರದ ಮೇಲೆ ತಿರುಗಲಿ.

ಇಷ್ಟೆಲ್ಲ ಯಾಕೆ, ಎಂಜಿನ್ ಓಡುವಾಗ ಬ್ಯಾಟರಿಯ ಒಂದು ಟರ್ಮಿನಲ್ ಕಿತ್ತು ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕಾರಿನಲ್ಲಿ ಕಂಪ್ಯೂಟರ್ ಇಲ್ಲದ ಕಾಲಕ್ಕೆ ಆ ಉಪಾಯ ನಡೆಯುತ್ತಿತ್ತು, ಸುಡುವಂಥದ್ದು ಹೆಚ್ಚೇನೂ ಇರಲಿಲ್ಲ. ಈಗ ಅದು ಶುದ್ಧ ಅವಿವೇಕ. ಚಾರ್ಜಾಗುತ್ತಿದ್ದ ಬ್ಯಾಟರಿ ಥಟ್ಟನೆ ತಪ್ಪಿದರೆ ರೋಟರಿನ ಕಾಂತಕ್ಷೇತ್ರ ಅಷ್ಟೇ ಬೇಗ ಇಳಿಯುವುದಿಲ್ಲ. ತಡೆಯುವ ವ್ಯವಸ್ಥೆ ಇಲ್ಲದಿದ್ದರೆ 12 ವೋಲ್ಟಿನ ಜಾಲದಲ್ಲಿ ಕ್ಷಣಕಾಲ 80-100 ವೋಲ್ಟ್ ಚಿಮ್ಮಬಹುದು. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ಈಚಿನ ಹಲವು ಕಾರುಗಳಲ್ಲಿ ಇಂಧನ ಉಳಿಸಲು ಕಂಪ್ಯೂಟರೇ ಚಾರ್ಜಿಂಗ್ ವೋಲ್ಟೇಜನ್ನು ಬೇಕೆಂದೇ ಇಳಿಸುತ್ತದೆ, ಹಾಗಿದ್ದಾಗ ಅಳತೆಯನ್ನು ನಂಬುವುದು ಹೇಗೆ? ಮಾತು ನಿಜ. ಅಂಥ ಕಾರಿನಲ್ಲಿ ಒಂದೇ ಅಂಕಿಯಿಂದ ಏನೂ ಸಾಬೀತಾಗದು. ಆದರೆ ಇದು ಹೆಚ್ಚು ಅಳೆಯಲು ಕಾರಣ, ಅಳೆಯದಿರಲು ಅಲ್ಲ. ಲೋಡ್ ಹಾಕಿದಾಗ, ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ವೋಲ್ಟೇಜ್ ಮೇಲೇರುತ್ತಿದ್ದರೆ ಯಂತ್ರ ಆದೇಶ ಪಾಲಿಸುತ್ತಿದೆ ಎಂದರ್ಥ. ಅಲುಗದಿದ್ದರೆ ಸ್ಕ್ಯಾನರ್ ಇರುವವರ ಬಳಿ ಹೋಗುವುದೇ ಸರಿ.

ಅಳೆದ ಮೇಲೂ ತಪ್ಪು ಅದರದ್ದೇ ಎಂದಾದರೆ ಬದಲಿಸಲು ಅಂಜಬೇಕಿಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು, ಇದರಲ್ಲಿ ರಾಜಿಯಿಲ್ಲ. ಆಲ್ಟರ್ನೇಟರಿನ ದಪ್ಪ ತಂತಿಗೆ ಕೀ ತೆಗೆದರೂ ಬ್ಯಾಟರಿಯ ಸಂಪರ್ಕ ಉಳಿದಿರುತ್ತದೆ. ಸ್ಪ್ಯಾನರ್ ಅದಕ್ಕೂ ಎಂಜಿನ್ನಿಗೂ ಒಟ್ಟಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಕೈ ಸುಡುತ್ತದೆ. ಬೆಲ್ಟ್ ಸುತ್ತಿದ ದಾರಿಯ ಫೋಟೊ ಹೊಡೆದಿಟ್ಟುಕೊಂಡು ಟೆನ್ಷನರ್ ಸಡಿಲಿಸಿ, ತಂತಿ-ಪ್ಲಗ್ ಕಳಚಿ, ಬೋಲ್ಟ್ ತೆಗೆದರೆ ಹಳೆಯದು ಕೈಗೆ ಬರುತ್ತದೆ. ಹೊಸದರ ಪುಲ್ಲಿಯ ಗೆರೆಗಳು, ಪ್ಲಗ್ಗು, ಆಂಪಿಯರ್ ಹಳೆಯದಕ್ಕೆ ಹೊಂದುತ್ತವೆಯೇ ಎಂದು ಅಂಗಡಿಯಲ್ಲೇ ಪಕ್ಕಪಕ್ಕ ಇಟ್ಟು ನೋಡುವುದು ಮೇಲು. ಪೂರ್ತಿ ಇಳಿದುಹೋದ ಬ್ಯಾಟರಿಯನ್ನು ಮಾತ್ರ ಹೊಸ ಆಲ್ಟರ್ನೇಟರಿಗೆ ಒಪ್ಪಿಸಬಾರದು. ಆ ಹಸಿವು ತೀರಿಸಲು ಅದು ಬಹಳ ಹೊತ್ತು ತನ್ನ ಗರಿಷ್ಠ ಮಿತಿಯಲ್ಲೇ ದುಡಿಯಬೇಕಾಗಿ ಡಯೋಡ್‌ಗಳು ಕಾಯುತ್ತವೆ. ಬ್ಯಾಟರಿಯನ್ನು ಹೊರಗಿನ ಚಾರ್ಜರಿನಲ್ಲಿ ತುಂಬಿಸಿಯೇ ಎಂಜಿನ್ ಚಾಲೂ ಮಾಡಿ, ಮತ್ತೊಮ್ಮೆ ವೋಲ್ಟೇಜ್ ನೋಡಬೇಕು.