ಒಗ್ಗದಿಕೆಯನ್ನು ಒಗ್ಗಿಸುವ ಚಿಕಿತ್ಸೆ

ಬಯಲುಸೀಮೆಯ ಒಣಹವೆಯಿಂದ ಕೋಲ್ಕತ್ತಕ್ಕೆ ಬಂದು ನೆಲೆಸಿದವರಲ್ಲಿ ಕೆಲವರಿಗೆ ಒಂದೆರಡು ವರ್ಷಗಳಲ್ಲಿ ಮುಂಜಾನೆ ಬಿಡದೆ ಸೀನು, ರಾತ್ರಿ ಉಬ್ಬಸ ಆರಂಭವಾಗುವುದುಂಟು. ನೀರು ಬದಲಾದುದೇ ಕಾರಣವೆಂದು ಕಷಾಯ ಕುಡಿದು ದಿನ ದೂಡುವವರೇ ಹೆಚ್ಚು. ಅಪರಾಧಿ ಅನೇಕ ವೇಳೆ ನೀರಲ್ಲ, ಹಾಸಿಗೆ. ಗಂಗೆಯ ಬಯಲಿನ ತೇವದಲ್ಲಿ ಹತ್ತಿಯ ಗಾದಿ, ಬೂರುಗದ ದಿಂಬುಗಳೊಳಗೆ ಬರಿಗಣ್ಣಿಗೆ ಕಾಣದ ಧೂಳುನುಸಿಗಳು ಹುಲುಸಾಗಿ ಬೆಳೆಯುತ್ತವೆ. ಅವುಗಳ ಆಹಾರ ನಮ್ಮ ಚರ್ಮದಿಂದ ಉದುರುವ ಹೊಟ್ಟು. ಅವುಗಳ ಹಿಕ್ಕೆ ಉಸಿರಿನೊಡನೆ ಒಳಸೇರಿ ಕಾಟ ಕೊಡುತ್ತದೆ.

ನಿರುಪದ್ರವಿಯಾದ ವಸ್ತುವನ್ನು ದೇಹವು ಶತ್ರುವೆಂದು ಭ್ರಮಿಸುವುದೇ ಒಗ್ಗದಿಕೆ, ಅಂದರೆ ಅಲರ್ಜಿ. ಆಗ ಹಿಸ್ಟಮಿನ್ ಮೊದಲಾದ ದ್ರವ್ಯಗಳು ಬಿಡುಗಡೆಯಾಗುತ್ತವೆ. ಮಾತ್ರೆಗಳು ಹಿಸ್ಟಮಿನ್ನನ್ನು ತಡೆಯುತ್ತವೆಯೇ ಹೊರತು ಭ್ರಮೆಯನ್ನು ಬಿಡಿಸಲಾರವು.

ಬಿಡಿಸುವ ಯತ್ನವನ್ನು 1911ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಲಿಯೊನಾರ್ಡ್ ನೂನ್ ಪ್ರಕಟಿಸಿದರು. ಹುಲ್ಲಿನ ಪರಾಗ ಒಗ್ಗದವರಿಗೆ ಅದೇ ಪರಾಗದ ಸಾರವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ, ಕ್ರಮೇಣ ಏರಿಸಿದರು. ಕ್ಷಯದಿಂದ ಅವರು 1913ರಲ್ಲಿ ತೀರಿಕೊಂಡರೂ ಸಹೋದ್ಯೋಗಿ ಜಾನ್ ಫ್ರೀಮನ್ ಕಾರ್ಯವನ್ನು ಮುಂದುವರಿಸಿದರು.

ಇಂದಿಗೂ ತತ್ತ್ವ ಅದೇ. ಮೊದಲು ಚರ್ಮದ ಪರೀಕ್ಷೆಯಿಂದ ಒಗ್ಗದ ವಸ್ತುವನ್ನು ಗುರುತಿಸಬೇಕು. ಬಳಿಕ ಸಾಮಾನ್ಯವಾಗಿ ಕೆಲವು ತಿಂಗಳು ವಾರಕ್ಕೊಂದು, ಅನಂತರ ತಿಂಗಳಿಗೊಂದು ಚುಚ್ಚುಮದ್ದು. ಒಟ್ಟು ಅವಧಿ 3ರಿಂದ 5 ವರ್ಷ. ನಾಲಗೆಯಡಿ ಇರಿಸುವ ಹನಿ, ಗುಳಿಗೆಗಳೂ ಉಂಟು. ಅವಧಿ ಪೂರೈಸಿದವರಲ್ಲಿ ಅನೇಕರಿಗೆ ಮದ್ದು ನಿಲ್ಲಿಸಿದ ಮೇಲೂ ಹಲವು ವರ್ಷ ನೆಮ್ಮದಿ ಉಳಿಯುತ್ತದೆ. ಎಲ್ಲರಿಗೂ ಉಳಿಯುತ್ತದೆಂಬ ಭರವಸೆಯಿಲ್ಲ.

ತೊಡಕು ಇರುವುದು ತಾಳ್ಮೆಯಲ್ಲಿ. ಆರು ತಿಂಗಳಿಗೆ ಸೀನು ತಗ್ಗಿತೆಂದು ಬಿಡುವವರು, ಪೂಜೆಯ ರಜೆಗೆ ಊರಿಗೆ ಹೋಗಿ ಎರಡು ತಿಂಗಳು ಮರೆಯುವವರು ಪಟ್ಟ ಶ್ರಮವನ್ನು ಕಳೆದುಕೊಳ್ಳುತ್ತಾರೆ. ತಪ್ಪಿದ ಮೇಲೆ ಹಳೆಯ ಪ್ರಮಾಣವನ್ನೇ ನೇರವಾಗಿ ತೆಗೆದುಕೊಳ್ಳುವುದು ಅಪಾಯಕರ. ವೈದ್ಯರು ಅದನ್ನು ತಗ್ಗಿಸಿ ಮತ್ತೆ ಏರಿಸುತ್ತಾರೆ. ವರ್ಗಾವಣೆಯ ನೌಕರಿಯವರು ಪ್ರಮಾಣದ ದಾಖಲೆಯನ್ನು ಜೊತೆಗೊಯ್ಯಬೇಕು.

ಚುಚ್ಚುಮದ್ದನ್ನು ಮನೆಯಲ್ಲಾಗಲಿ, ಬೀದಿಯ ಔಷಧದಂಗಡಿಯಲ್ಲಾಗಲಿ ಹಾಕಿಸಿಕೊಳ್ಳಬಾರದು. ಅಪರೂಪಕ್ಕೆ ದೇಹವಿಡೀ ತೀವ್ರವಾಗಿ ಪ್ರತಿಕ್ರಿಯಿಸಿ ಪ್ರಾಣಾಪಾಯವಾಗಬಹುದು. ಸಾವುಗಳ ವರದಿ ಬಂದುದರಿಂದ 1986ರಲ್ಲಿ ಬ್ರಿಟನ್ ಈ ಚಿಕಿತ್ಸೆಯ ಮೇಲೆ ಬಿಗಿಯಾದ ನಿರ್ಬಂಧ ಹೇರಿತು. ಅಡ್ರಿನಲಿನ್ ಸಿದ್ಧವಿರುವ ಚಿಕಿತ್ಸಾಲಯದಲ್ಲಿ ಚುಚ್ಚಿಸಿಕೊಂಡು ಕನಿಷ್ಠ 30 ನಿಮಿಷ ಅಲ್ಲಿಯೇ ಕುಳಿತಿರಬೇಕು. ಉಬ್ಬಸ ಹತೋಟಿಯಲ್ಲಿಲ್ಲದ ದಿನ ಚುಚ್ಚುಮದ್ದು ಸಲ್ಲದು.

ಇಷ್ಟರ ನಡುವೆ ಹಾಸಿಗೆಯನ್ನು ಮರೆಯುವಂತಿಲ್ಲ. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ; ತಣ್ಣೀರಿಗೆ ಅದು ಜಗ್ಗುವುದಿಲ್ಲ.